ದುಗ್ಗಪ್ಪ ಮೇಷ್ಟ್ರ ಸೂಪರ್‌ವೈಸರುಗಳು

ಶ್ರೀಕೃಷ್ಣ ಜಗಲಿಯ ಹಗ್ಗವನ್ನು ಕಂಬದಿಂದ ಬಿಚ್ಚಿ ಎಳೆದ ರಭಸಕ್ಕೆ, ಅದಕ್ಕೆ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿದ್ದ ಕಾರ್ಡುಗಳೆಲ್ಲ ಪಟಪಟನೆ ನೆಲಕ್ಕೆ ಉದುರಿದವು. ಚಟ್ಟ ಕಟ್ಟಲು ತಂದ ಹುರಿ ಸಾಲದೆ ಹೋಗಿತ್ತು. ಅಂಗಡಿ ಬಾಗಿಲು ತೆಗೆಯುವ ಹೊತ್ತಾಗಿರಲಿಲ್ಲ. ಕಣ್ಣಿಗೆ ಬಿದ್ದದ್ದು ಈ ಹಗ್ಗ.

"ಇದೆಂಥದೋ ಮಾರಾಯ, ಹಗ್ಗದ ತುಂಬ ಪತಾಕೆ ಕಟ್ಟಿದ ಹಾಗೆ?" ಎಂದರು ಹೂವಮ್ಮ. ತೀರಿಕೊಂಡ ದುಗ್ಗಪ್ಪ ಮೇಷ್ಟ್ರ ಅಕ್ಕ ಅವರು. ಬೆಳಕು ಹರಿಯುವಷ್ಟರಲ್ಲಿ ಸುದ್ದಿ ತಿಳಿದು, ಯಾರದೋ ಬೈಕಿನ ಹಿಂದೆ ಕೂತು ಬಂದಿದ್ದರು.

"ಪತಾಕೆ ಅಲ್ಲ ದೊಡ್ಡತ್ತೆ, ಪತ್ರ" ಎಂದು ಸೊಸೆ ಸೌಜನ್ಯಾ ಬಗ್ಗಿ ಕಾರ್ಡುಗಳನ್ನು ಹೆಕ್ಕತೊಡಗಿದಳು.

ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಸ್ಕೆಚ್ ಪೆನ್ನಿನ ದಪ್ಪ ಅಕ್ಷರ. ಒಂದರಲ್ಲಿ 'ಫ್ರಮ್', ಒಂದರಲ್ಲಿ 'ಡೇಟ್', ಇನ್ನೊಂದರಲ್ಲಿ 'ರೆಸ್ಪೆಕ್ಟೆಡ್ ಸರ್'. ಇಂಗ್ಲಿಷ್ ಪತ್ರದ ಒಂದೊಂದು ತುಂಡನ್ನೂ ಅದರದರ ಜಾಗಕ್ಕೆ ಸಿಕ್ಕಿಸುವುದು ಅವಳ ಪಾಠ. ನಿನ್ನೆ ಸಂಜೆ ಒಂದೂ ತಪ್ಪದೆ ಸಿಕ್ಕಿಸಿದ್ದಳು. "ಭೇಷ್! ಇನ್ನು ಪುಸ್ತಕ ಮುಟ್ಬೇಡ, ಹೋಗಿ ಮಲ್ಕೋ" ಅಂದಿದ್ದರು ಮಾವ. ಬೆಳಿಗ್ಗೆ ಅವಳು ಕಾಫಿ ತಂದಾಗ ಆರಾಮ ಕುರ್ಚಿಯಲ್ಲಿ, ಯಾರದೋ ಉತ್ತರ ಕೇಳಿಸಿಕೊಳ್ಳುತ್ತಿರುವವರ ಹಾಗೆ ಕಣ್ಣು ಮುಚ್ಚಿ ಕೂತಿದ್ದರು. ಎರಡು ಸಲ ಕರೆದಳು. ಲೋಟ ಕೆಳಗಿಟ್ಟು ಕೈ ಮುಟ್ಟಿದಳು. ಕೈ ತಣ್ಣಗಿತ್ತು.

ಈಗ ಅವರು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದರು. ತಲೆಯ ಹತ್ತಿರ ದೀಪ, ಕಾಲಿನ ಹತ್ತಿರ ಹೆಂಡತಿ ತುಂಗಮ್ಮ. ಮಗ ನಟರಾಜ್, ಸೌಜನ್ಯಾಳ ಗಂಡ, ಫೋನು ಹಿಡಿದು ಅಂಗಳದ ತುದಿಗೂ ಈ ತುದಿಗೂ ಓಡಾಡುತ್ತ ಸುದ್ದಿ ಮುಟ್ಟಿಸುತ್ತಿದ್ದ.

ರಿಪ್ಪನ್‌ಪೇಟೆಯ ಅಂಚಿನ ಆ ಮನೆಗೆ ಜನ ಬರತೊಡಗಿದರು. ತೀರ್ಥಹಳ್ಳಿಯಿಂದ ಮೇಷ್ಟ್ರ ಹಳೆಯ ಶಿಷ್ಯೆ, ನರ್ಸ್ ಯಶಸ್ವಿನಿ ಸ್ಕೂಟರಿನಲ್ಲಿ ಬಂದಳು. ಸಾಗರದಿಂದ ಪ್ರಿಂಟಿಂಗ್ ಪ್ರೆಸ್ಸಿನ ಗಣೇಶಮೂರ್ತಿ ಕಾರಿನಲ್ಲಿ ಬಂದರು. ಮೇಷ್ಟ್ರಿಗೆ ಬೇಕಾದ ರಟ್ಟು, ಕ್ಯಾಲೆಂಡರು, ಕತ್ತರಿಸಿ ಮಿಕ್ಕ ಕಾಗದ ಎಲ್ಲ ಅವರ ಪ್ರೆಸ್ಸಿನದೇ. ಅರಣ್ಯ ಇಲಾಖೆಯ ಗಾರ್ಡ್ ಶ್ರೀಕೃಷ್ಣ ಎಲ್ಲರಿಗಿಂತ ಮೊದಲೇ ಬಂದು ಬಿದಿರು ಸೀಳುತ್ತಿದ್ದ.

"ನಮ್ಮ ಡಿಪೋದಲ್ಲಿ ಪರೀಕ್ಷೆ ಮಾಡಿಸಿದ್ದು ನೆನಪಿದ್ಯಾ ಮೂರ್ತಿಯವ್ರೇ?" ಎಂದ ಅವನು, ಕತ್ತಿ ಪಕ್ಕಕ್ಕಿಟ್ಟು. "ಹುಡುಗ್ರನ್ನ ಮರದ ದಿಮ್ಮಿ ಮೇಲೆ ಕೂರಿಸಿ, ನಂಗೆ ಯೂನಿಫಾರಂ ಹಾಕ್ಕೊಂಡು ಬಾ ಅಂದ್ರು. 'ನೀನು ಸೂಪರ್‌ವೈಸರು. ನಗಬಾರದು. ಯಾರಾದ್ರೂ ತಲೆ ಎತ್ತಿದ್ರೆ ಗದರಿಸು' ಅಂತ. ನಾನು ಗದರಿಸಿದ್ದಕ್ಕೆ ಒಬ್ಬ ಅತ್ತೇ ಬಿಟ್ಟ. ಅವನನ್ನ ನೋಡಿ ನಂಗೂ ಅಳು ಬಂತು."

"ನನ್ನನ್ನ ಕಲ್ಯಾಣಮಂಟಪಕ್ಕೆ ಕರ್ಕೊಂಡು ಹೋಗಿದ್ರು" ಎಂದರು ಗಣೇಶಮೂರ್ತಿ. "ಅಲ್ಲಿ ಮದುವೆ ಅಡುಗೆ ನಡೀತಾ ಇತ್ತು. ಹೋಳಿಗೆ ವಾಸನೆ ಮೂಗಿಗೆ ಹೊಡೀತಾ ಇರ್ಬೇಕು, ಹುಡುಗ್ರು ಪ್ಯಾಸೇಜ್ ಓದ್ತಾ ಇರ್ಬೇಕು. ನನಗೇ ಮನಸ್ಸು ನಿಲ್ಲಲಿಲ್ಲ, ಮಕ್ಕಳು ಪಾಪ!"

ದುಗ್ಗಪ್ಪ ಮೇಷ್ಟ್ರ ಕ್ರಮವೇ ಅದು. ಹಳ್ಳಿ ಶಾಲೆಯ ಮಕ್ಕಳು ಪಬ್ಲಿಕ್ ಪರೀಕ್ಷೆಗೆ ಬೇರೆ ಊರಿಗೆ ಹೋಗಬೇಕು. ಗೊತ್ತಿಲ್ಲದ ಕಟ್ಟಡ, ಗೊತ್ತಿಲ್ಲದ ಮುಖ. ಓದಿದ್ದೆಲ್ಲ ಬಾಗಿಲಲ್ಲೇ ಮರೆತು ಹೋಗುತ್ತದೆ. ಅದಕ್ಕೆ ಅವರು ಪ್ರತಿ ವರ್ಷ ಹೊಸ ಹೊಸ ಜಾಗದಲ್ಲಿ ಸುಳ್ಳು ಪರೀಕ್ಷೆ ಮಾಡಿಸುತ್ತಿದ್ದರು. ಅಕ್ಕಿ ಗಿರಣಿ, ಬಸ್ ಸ್ಟ್ಯಾಂಡಿನ ಮಾಳಿಗೆ, ಯಾವುದೂ ಬಿಟ್ಟಿರಲಿಲ್ಲ. ಸಿಕ್ಕ ಸಿಕ್ಕವರನ್ನು ಹಿಡಿದು ಸೂಪರ್‌ವೈಸರು ಮಾಡುತ್ತಿದ್ದರು. "ಹೆದರಿಕೆ ಅನ್ನೋದು ಹೊಸಬರನ್ನ ಕಂಡು ಬೊಗಳೋ ನಾಯಿ ಇದ್ದ ಹಾಗೆ. ನಾಲ್ಕು ಸಲ ಎದುರಿಗೆ ಓಡಾಡಿದ್ರೆ ಅದಕ್ಕೇ ಬೇಜಾರಾಗಿ ಮಲಗ್ತದೆ" ಅನ್ನುತ್ತಿದ್ದರು.

"ನಂದು ಕೇಳಿ" ಎಂದಳು ಯಶಸ್ವಿನಿ, ಕಣ್ಣು ಒರೆಸಿಕೊಂಡು. "ನಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನಿಜವಾದ ಸ್ಕ್ವಾಡ್ ಬಂತು. ದಪ್ಪ ಮೀಸೆ, ಕರಿ ಕನ್ನಡಕ. ಪಕ್ಕದ ಶಾಲೆ ಮಕ್ಕಳೆಲ್ಲ ಗಡಗಡ. ನಾವು ಮಾತ್ರ ಇದೂ ನಮ್ಮ ಮೇಷ್ಟ್ರು ಕಳಿಸಿದ ಜನಾನೇ ಅಂತ ಆರಾಮಾಗಿ ಬರೀತಿದ್ವಿ. ಆ ಮನುಷ್ಯ ನನ್ನ ಹತ್ರ ಬಂದು, 'ಏನಮ್ಮಾ, ಕಾಪಿ ಚೀಟಿ ಎಲ್ಲಿಟ್ಟಿದೀಯ?' ಅಂದ್ರು. ನಾನು, 'ಸಾರ್, ನೀವು ಇನ್ನೂ ಸ್ವಲ್ಪ ಜೋರಾಗಿ ಬೈಬೇಕು. ಡಿಪೋದಲ್ಲಿ ಶ್ರೀಕೃಷ್ಣಣ್ಣ ಇದಕ್ಕಿಂತ ಚೆನ್ನಾಗಿ ಬೈದಿದ್ರು' ಅಂದ್ಬಿಟ್ಟೆ!"

ಸಾವಿನ ಮನೆ ಎನ್ನುವುದನ್ನು ಮರೆತು ಅಂಗಳವೆಲ್ಲ ನಕ್ಕಿತು. ಬಿದಿರು ಸೀಳುತ್ತಿದ್ದ ಶ್ರೀಕೃಷ್ಣ ಮುಖ ಆಚೆ ತಿರುಗಿಸಿ ನಕ್ಕ, ಆಮೇಲೆ ಅದೇ ಮುಖವನ್ನು ತೋಳಿನಲ್ಲಿ ಒರೆಸಿಕೊಂಡ.

ನಗು ಇಳಿಯುತ್ತಿದ್ದಂತೆ ಯಶಸ್ವಿನಿ ಸೌಜನ್ಯಾಳ ಕೈಯಲ್ಲಿದ್ದ ಕಾರ್ಡುಗಳನ್ನು ನೋಡಿದಳು.

"ಅಕ್ಕಾ... ಇಂಗ್ಲಿಷ್ ಪೇಪರು ಇವತ್ತೇ ಅಲ್ವಾ?"

ಸೌಜನ್ಯಾ ಕಾರ್ಡುಗಳನ್ನು ಜೋಡಿಸಿಕೊಂಡು ಒಳಗೆ ಹೋದಳು.

*

ಮಂಡಗದ್ದೆಯ ಹುಡುಗಿ ಸೌಜನ್ಯಾ ಹತ್ತನೇ ಕ್ಲಾಸಿನಲ್ಲಿ ಎಲ್ಲ ವಿಷಯಕ್ಕೂ ಪಾಸಾಗಿದ್ದಳು, ಇಂಗ್ಲಿಷ್ ಒಂದು ಬಿಟ್ಟು. ಓದಿರಲಿಲ್ಲ ಅಂತಲ್ಲ. ಅವತ್ತು ಪ್ರಶ್ನೆಪತ್ರಿಕೆ ಕೈಗೆ ಬಂದ ಹೊತ್ತಿಗೆ ಸೂಪರ್‌ವೈಸರು ಬಂದು ಅವಳ ಬೆನ್ನ ಹಿಂದೆ ನಿಂತರು. ಅವರ ಉಸಿರು ಕೇಳಿಸುತ್ತಿತ್ತು. ಈಗ ಹೋಗುತ್ತಾರೆ, ಈಗ ಹೋಗುತ್ತಾರೆ ಅಂತ ಕಾದಳು. ಅವರು ಹೋದ ಮೇಲೂ ಅವಳ ಬೆನ್ನಿಗೆ ಅವರು ಅಲ್ಲೇ ಇದ್ದರು. ರಿಜಿಸ್ಟರ್ ನಂಬರು ಬಿಟ್ಟು ಏನೂ ಬರೆಯದ ಹಾಳೆ ಕೊಟ್ಟು ಎದ್ದು ಬಂದಳು. ಮತ್ತೆ ಕಟ್ಟುವುದು ಬೇಡ ಎಂದಳು. ಕಾರಣ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮದುವೆಯಾಗಿ ಬಂದದ್ದು ಇಂಗ್ಲಿಷ್ ಮೇಷ್ಟ್ರ ಮನೆಗೆ! ರಿಟೈರಾಗಿದ್ದರೂ ಮಾವನ ಚಟ ಬಿಟ್ಟಿರಲಿಲ್ಲ. ಬಿಸ್ಕತ್ತಿನ ಪೊಟ್ಟಣದ ಮೇಲೆ ಅಚ್ಚಾದ ತಪ್ಪು ಹುಡುಕುತ್ತಿದ್ದರು, ಊಟಕ್ಕೆ ಕೂತ ನೆಂಟರ ಮಕ್ಕಳಿಗೆ ಪ್ರಶ್ನೆ ಹಾಕುತ್ತಿದ್ದರು. ಮಕ್ಕಳು ಅವರ ಎದುರು ಎಲೆ ಹಾಕಿಸಿಕೊಳ್ಳಲು ಹೆದರುತ್ತಿದ್ದವು. ಅವರಿಗೆ ಶಿಷ್ಯರು ಯಾರಾದರೂ ಬೇಕಿತ್ತು. ಸೌಜನ್ಯಾಳಿಗೆ ಗುರುಗಳು ಯಾರೂ ಬೇಕಿರಲಿಲ್ಲ.

ಆದರೆ ಊರಿನ ಅಂಗನವಾಡಿಯಲ್ಲಿ ಸಹಾಯಕಿಯ ಕೆಲಸ ಖಾಲಿಯಾಗುವ ಸುದ್ದಿ ಬಂತು. ಮಕ್ಕಳೆಂದರೆ ಅವಳಿಗೆ ಜೀವ. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಅರ್ಜಿ ಹಾಕಬಹುದಿತ್ತು ಎಂದು ಅತ್ತೆಯ ಹತ್ತಿರ ಮೆಲ್ಲಗೆ ಅಂದದ್ದು ಜಗಲಿಯಲ್ಲಿದ್ದ ಮಾವನ ಕಿವಿಗೂ ಬಿತ್ತು.

"ಎಂಥಕ್ಕೆ ಬರೀಲಿಲ್ಲ ಅವತ್ತು?" ಎಂದು ಕೇಳಿದರು. ಅಷ್ಟು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಮನುಷ್ಯ.

"ಹಿಂದೆ ನಿಂತಿದ್ರು ಮಾವಯ್ಯ."

ಅವರು ನಗಲಿಲ್ಲ. "ಹೂಂ" ಎಂದು ಎದ್ದು ಹೋಗಿ ಹಳೆಯ ಡೆಸ್ಕೊಂದನ್ನು ಜಗಲಿಗೆ ತಂದು, ಅವಳು ಗೋಡೆಗೆ ಬೆನ್ನು ಕೊಡಲಾಗದ ಹಾಗೆ ನಡುವೆ ಇಟ್ಟರು.

ಅವತ್ತಿನಿಂದ ಆ ಮನೆಗೆ ಬಂದವರು ಯಾರೂ ಅವಳ ಹಿಂದೆ ನಿಲ್ಲದೆ ಕಾಫಿ ಕುಡಿಯುವಂತಿರಲಿಲ್ಲ. ಮೊದಲು ನಟರಾಜ್ ನಿಂತ. ಅವನಿಗೆ ನಗು ತಡೆಯಲಾಗದೆ ಓಡಿಸಿದರು. ತುಂಗಮ್ಮ ಸೌಟು ಹಿಡಿದೇ ನಿಂತರು. ಗಣೇಶಮೂರ್ತಿ ರಟ್ಟು ಕೊಡಲು ಬಂದವರು ದೇವಸ್ಥಾನದ ಬಾಗಿಲಲ್ಲಿ ಕೆತ್ತಿದ ಮೂರ್ತಿಯ ಹಾಗೆ ಅಲ್ಲಾಡದೆ ನಿಂತರು. ಹಬ್ಬಕ್ಕೆ ಬಂದ ಹೂವಮ್ಮನ ಕೈಗೂ ಕೋಲು ಕೊಟ್ಟು ನಿಲ್ಲಿಸಿದ್ದರು. ಅವರು ಹತ್ತು ನಿಮಿಷ ನಿಂತು, "ಇವಳು ಬರೀತಾಳೋ ಇಲ್ವೋ ನಂಗೇನು ಗೊತ್ತಾಗ್ತದೋ ದುಗ್ಗ, ಕೋಳಿಗೆ ಅಕ್ಕಿ ಹಾಕ್ಬೇಕು ನಾನು" ಎಂದು ಕೋಲು ಬಿಸಾಡಿ ಹೋಗಿದ್ದರು.

ಪಾಠ ಅಂದರೆ ಬಾಯಿಪಾಠ ಅಲ್ಲ. ಹಗ್ಗದ ಮೇಲೆ ಪತ್ರ. ಕ್ಯಾಲೆಂಡರಿನ ಚಿತ್ರ ತೋರಿಸಿ, ಏನು ಕಾಣುತ್ತದೋ ಅದನ್ನು ಸಣ್ಣ ಸಣ್ಣ ವಾಕ್ಯದಲ್ಲಿ ಹೇಳಿಸುವುದು. ಪ್ಯಾಸೇಜ್ ಓದುವ ಮೊದಲು ಅದರ ಕೆಳಗಿನ ಪ್ರಶ್ನೆ ಓದಿಸುವುದು. "ಏನು ಹುಡುಕ್ಬೇಕು ಅಂತ ಗೊತ್ತಿಲ್ದೆ ಸಂತೆಗೆ ಹೋಗ್ತಾರಾ?" ಎಲ್ಲಕ್ಕಿಂತ ಹೆಚ್ಚು ಸಲ ಹೇಳಿದ್ದು ಒಂದೇ. "ಮೊದಲನೇ ಪ್ರಶ್ನೆ ಬರ್ಲಿಲ್ಲ ಅಂತ ಅಲ್ಲೇ ನಿಂತ್ಕೋಬೇಡ. ಮುಂದಿನ ಬಾಗ್ಲು ಹಾಕಿದ್ರೆ ಹಿತ್ಲು ಬಾಗ್ಲಿಂದ ಹೋಗು. ಮನೆ ಒಂದೇ."

ಆದರೂ ಮಾರ್ಚಿನ ಪರೀಕ್ಷೆಯ ದಿನ ಅವಳು ಹೊಸನಗರದ ಶಾಲೆಯ ಗೇಟಿನವರೆಗೆ ಹೋಗಿ, ಅಲ್ಲೇ ನಿಂತು, ಬೆಲ್ಲು ಹೊಡೆದದ್ದನ್ನು ಹೊರಗಿನಿಂದಲೇ ಕೇಳಿಸಿಕೊಂಡು, ಮುಂದಿನ ಬಸ್ಸಿಗೆ ವಾಪಸ್ಸು ಬಂದಳು.

ಮಾವ ಜಗಲಿಯಲ್ಲೇ ಇದ್ದರು. ಅವಳ ಮುಖ ನೋಡಿದರು. "ಬಿಸಿಲಲ್ಲಿ ಬಂದಿದೀಯ, ಮೊದ್ಲು ಊಟ ಮಾಡು" ಎಂದರು. ಮಾರನೇ ದಿನ, ತಪ್ಪಿದವರಿಗೆಂದು ಅದೇ ವರ್ಷ ಮತ್ತೆ ನಡೆಸುವ ಎರಡನೇ ಪರೀಕ್ಷೆಗೆ ಅವಳ ಹೆಸರು ಕಟ್ಟಿ ಬಂದರು.

*

"ಹನ್ನೊಂದರೊಳಗೆ ಎತ್ತಿಬಿಡಿ" ಎನ್ನುತ್ತಿದ್ದರು ಹೂವಮ್ಮ. "ಹೆಣ ಇಟ್ಕೊಂಡು ಕೂರೋದು ಒಳ್ಳೇದಲ್ಲ. ಒಲೆ ಹಚ್ಚೋ ಹಾಗಿಲ್ಲ, ಬಂದವರೆಲ್ಲ ಹಸ್ಕೊಂಡಿದಾರೆ."

ನಟರಾಜ್ ಹೆಂಡತಿಯ ಕಡೆ ನೋಡಿದ. "ಸೌಜೂ, ಇವತ್ತು ನಿಂದು..."

"ನಾನು ಹೋಗಲ್ಲ" ಎಂದಳು ಅವಳು ತಟ್ಟನೆ. "ಮಾವಯ್ಯ ಹೀಗೆ ಮಲಗಿರುವಾಗ ಯಾರಾದ್ರೂ ಪರೀಕ್ಷೆಗೆ ಹೋಗ್ತಾರಾ?"

ಹಾಗೆ ಹೇಳುವಾಗ ದುಃಖದ ಅಡಿಯಲ್ಲೆಲ್ಲೋ ಒಂದು ಸಣ್ಣ ನಿರಾಳ ಅಲ್ಲಾಡಿದ್ದು ಅವಳಿಗೆ ಗೊತ್ತಾಯಿತು. ಇವತ್ತು ಆ ಗೇಟಿನ ಮುಂದೆ ನಿಲ್ಲಬೇಕಾಗಿಲ್ಲ. ಯಾರೂ ತಪ್ಪು ಅನ್ನುವುದಿಲ್ಲ. ಬೆಳಿಗ್ಗೆ ಮಾವನ ತಣ್ಣನೆಯ ಕೈ ಮುಟ್ಟಿದಾಗಲೇ, ಅಳು ಬರುವುದಕ್ಕೂ ಮೊದಲು, ಅದು ಬಂದಿತ್ತು. ಆಗಿನಿಂದ ಅವಳಿಗೆ ತನ್ನ ಮುಖ ಯಾರಿಗೂ ತೋರಿಸುವುದು ಬೇಡವಾಗಿತ್ತು.

ತುಂಗಮ್ಮ ಕೂತಲ್ಲಿಂದಲೇ ಕೈ ಸನ್ನೆ ಮಾಡಿ ಕರೆದರು. ಅವಳು ಹತ್ತಿರ ಹೋಗಿ ಕೂತಳು.

"ಬೆಳಿಗ್ಗೆಯಿಂದ ನೋಡ್ತಾ ಇದೀನಿ" ಎಂದರು ಅತ್ತೆ, ಅವಳಿಗೊಬ್ಬಳಿಗೇ ಕೇಳುವ ಹಾಗೆ. "ನಿಂಗೆ ಎರಡು ಅಳು ಬರ್ತಾ ಇದೆ. ಒಂದು ಇವರಿಗೆ. ಇನ್ನೊಂದು, ಪರೀಕ್ಷೆ ತಪ್ಪಿತಲ್ಲ ಅಂತ ಸಮಾಧಾನ ಆಯ್ತಲ್ಲ, ಅದಕ್ಕೆ. ಹೌದೋ ಅಲ್ವೋ?"

ಸೌಜನ್ಯಾ ತಲೆ ಎತ್ತಲಿಲ್ಲ.

"ಮೊದಲನೇದು ನನ್ನ ಹತ್ರಾನೂ ಬೇಕಾದಷ್ಟಿದೆ. ಇಬ್ರೂ ಕೂತು ಅಳೋಣ, ವರ್ಷಗಟ್ಟಲೆ ಅಳೋಣ. ಎರಡನೇದನ್ನ ಮಾತ್ರ ನಾನು ಈ ಮನೇಲಿ ಇಟ್ಕೊಳಲ್ಲ ಮಗಾ. ಎದ್ದೇಳು. ತಲೆಗೆ ನೀರು ಹಾಕ್ಕೊಂಡು ಸೀರೆ ಬದಲಾಯ್ಸು."

ಆಮೇಲೆ ತುಂಗಮ್ಮ ಬಾಗಿಲಿಗೆ ಬಂದು ನಿಂತರು.

"ಇವಳು ಪರೀಕ್ಷೆ ಬರೆದು ಬರ್ತಾಳೆ. ಅಲ್ಲೀವರೆಗೆ ಇವರನ್ನ ಎತ್ತಬೇಡಿ."

"ನಿಂಗೆ ತಲೆ ಕೆಟ್ಟಿದ್ಯಾ ತುಂಗೀ?" ಹೂವಮ್ಮ ದನಿ ಏರಿಸಿದರು. "ಸೂತಕದ ಮನೆಯೋಳು ಹತ್ತು ಜನರ ಮಧ್ಯೆ ಹೋಗಿ ಕೂರ್ತಾಳಾ? ಜನ ಎಂಥ ಅಂತಾರೆ? ಮಧ್ಯಾಹ್ನ ಆಗ್ತದೆ ಬರೋ ಹೊತ್ತಿಗೆ. ಯಾರು ಕಾಯ್ತಾರೆ ಅಷ್ಟೊತ್ತು?"

"ಅವರು ಕಾಯ್ತಾರೆ" ಎಂದರು ತುಂಗಮ್ಮ, ಒಳಗೆ ಕೈ ತೋರಿಸಿ. "ಮದುವೆಯಾದಾಗಿನಿಂದ ಇವರ ಸ್ಪೆಶಲ್ ಕ್ಲಾಸು ಮುಗಿಯೋದನ್ನ ನಾನು ಕಾದಿದೀನಿ. ಬಡಿಸಿಟ್ಟ ಅನ್ನ ಆರಿ ಕಲ್ಲಾಗೋದು. ಇವತ್ತೊಂದು ದಿನ ಅವರು ಕಾಯ್ಲಿ. ಅವರಿಗೇನು ಬಸ್ಸು ತಪ್ಪಿ ಹೋಗ್ತದಾ?"

ಗಣೇಶಮೂರ್ತಿ ಜೇಬಿನಿಂದ ಕಾರಿನ ಕೀಲಿ ತೆಗೆದರು. ಪಕ್ಕದಲ್ಲಿದ್ದ ಅವರ ಹೆಂಡತಿ ಮನೋರಮಾ, "ಹೋಗಿ ಬನ್ನಿ, ಅಡ್ಡಿಲ್ಲೆ, ನಾ ಇಲ್ಲೇ ಇರ್ತಿ" ಎಂದರು ತಮ್ಮ ಮನೆಮಾತಿನಲ್ಲಿ. ಶ್ರೀಕೃಷ್ಣ ಅರ್ಧ ಕಟ್ಟಿದ್ದ ಚಟ್ಟವನ್ನು ಗೋಡೆಗೆ ಒರಗಿಸಿಟ್ಟ.

"ಅತ್ತಿಗೆ, ನಿಮಗೆ ಶುಗರ್ ಇದೆ. ಪಕ್ಕದ ಮನೇಲಿ ಎರಡು ತುತ್ತು ಉಂಡು ಬನ್ನಿ" ಎಂದರು ತುಂಗಮ್ಮ.

"ನನ್ನ ತಮ್ಮ ಇಲ್ಲಿ ಮಲಗಿರುವಾಗ ನಾನು ಉಣ್ಣೋಳಾ?" ಹೂವಮ್ಮ ಸಿಡುಕಿದರು. ಆಮೇಲೆ ಯಾರ ಮುಖವನ್ನೂ ನೋಡದೆ, "ಸೊಂಟ ಹಿಡೀತದೆ ನಂಗೆ. ಕಾಯೋದೇ ಆದ್ರೆ ಒಂದು ಕುರ್ಚಿನಾದ್ರೂ ಹಾಕಿ" ಎಂದರು.

*

ಗೇಟಿನ ಮುಂದೆ ಕಾರು ನಿಂತಾಗ ಸೌಜನ್ಯಾಳ ಕಾಲು ಮತ್ತೆ ಮಾರ್ಚಿನ ಕಾಲೇ ಆಯಿತು. ಗಣೇಶಮೂರ್ತಿ ಇಳಿದು ಬಂದು, ಅವಳ ಬೆನ್ನ ಹಿಂದೆ ಎರಡು ಮಾರು ದೂರದಲ್ಲಿ ಕೈಕಟ್ಟಿ ಅಲ್ಲಾಡದೆ ನಿಂತರು, ಜಗಲಿಯಲ್ಲಿ ನಿಂತಿದ್ದ ಹಾಗೆಯೇ. ತಿರುಗಿ ಹೋಗಬೇಕೆಂದರೆ ಅವರನ್ನು ದಾಟಿ ಹೋಗಬೇಕು. ಅವಳು ಮುಂದಕ್ಕೇ ನಡೆದಳು.

ಕೋಣೆಯಲ್ಲಿ ಎಲ್ಲ ಮಕ್ಕಳು. ಅವಳ ಅರ್ಧ ವಯಸ್ಸಿನವರು. ಪ್ರಶ್ನೆಪತ್ರಿಕೆ ಬಂತು. ಮೊದಲ ಪುಟದ ಅಕ್ಷರಗಳು ಇರುವೆಗಳ ಹಾಗೆ ಸರಿದಾಡಿದವು. ಕಿರಗುಟ್ಟುವ ಚಪ್ಪಲಿಯ ಸದ್ದು ಸಾಲಿನ ನಡುವೆ ಬಂತು, ಹತ್ತಿರವಾಯಿತು, ಅವಳ ಹಿಂದೆ ನಿಂತಿತು.

ಪೆನ್ನು ನಿಂತಿತು. ಹದಿನಾರನೇ ವಯಸ್ಸಿನ ಆ ಬೆನ್ನು ಮತ್ತೆ ಮರಗಟ್ಟತೊಡಗಿತು.

"ತಲೆಯಿಂದ ನೀರು ತೊಟ್ಟಿಕ್ತಾ ಇದೆ ನೋಡಿ, ಪೇಪರ್ ಒದ್ದೆ ಆಗತ್ತೆ" ಎಂದಿತು ಒಂದು ಹೆಣ್ಣು ದನಿ. ಪಿಸುದನಿ. "ಒರೆಸ್ಕೊಳ್ಳಿ. ಇಷ್ಟು ಅವಸರದಲ್ಲಿ ಬಂದ್ರಾ?"

"ಬೆಳಿಗ್ಗೆ ಮಾವ ತೀರ್ಕೊಂಡ್ರು ಮೇಡಂ. ಇನ್ನೂ ಎತ್ತಿಲ್ಲ. ನಾನು ಬರ್ಲಿ ಅಂತ ಕಾಯ್ತಾ ಇದಾರೆ."

ಮೇಡಂ, ತಾನು ನಿಂತರೆ ಈ ಹೆಂಗಸಿಗೆ ತೊಂದರೆ ಎಂದುಕೊಂಡು ಮೆಲ್ಲಗೆ ಮುಂದೆ ಸರಿಯಲು ಹೊರಟರು. ಬೆನ್ನ ಹಿಂದೆ ಖಾಲಿಯಾಯಿತು. ಎಷ್ಟೋ ತಿಂಗಳಿಂದ ಒಂದು ದಿನವೂ ಖಾಲಿ ಇರದಿದ್ದ ಜಾಗ ಅದು. ಸೌಟು ಹಿಡಿದವರು, ಕೋಲು ಹಿಡಿದವರು, ನಗು ತಡೆಯಲಾಗದವರು, ಹಾಲು ಕೊಡಲು ಬಂದವರು, ಕರೆಂಟ್ ಬಿಲ್ ಕೊಡಲು ಬಂದವರು. ಅಷ್ಟೂ ಜನರನ್ನು ಕೈ ಹಿಡಿದು ಎಳೆತಂದು ನಿಲ್ಲಿಸಿದ ಒಬ್ಬರು.

"ಮೇಡಂ" ಎಂದು ಕರೆದಳು ಸೌಜನ್ಯಾ. ಇಡೀ ಕೋಣೆ ಅವಳತ್ತ ತಿರುಗಿತು. "ಇಲ್ಲೇ ನಿಂತ್ಕೊಳ್ಳಿ. ನನ್ನ ಹಿಂದೆ. ಯಾರಾದ್ರೂ ನಿಂತಿದ್ರೆ ನಂಗೆ ಬರೆಯೋಕೆ ಚೆನ್ನಾಗಾಗತ್ತೆ."

ತಾನು ಹೇಳಿದ್ದು ತನ್ನ ಕಿವಿಗೇ ಬಿದ್ದು ಅವಳಿಗೆ ಮೈ ಜುಮ್ಮೆಂದಿತು.

ಮುಂದಿನ ಬಾಗಿಲು ಹಾಕಿಯೇ ಇತ್ತು. ಅವಳು ಪತ್ರಿಕೆ ತಿರುವಿ ಕೊನೆಯ ಪುಟದ ಪತ್ರದಿಂದ ಒಳಗೆ ಹೋದಳು. ವಿಳಾಸ, ದಿನಾಂಕ, ಒಕ್ಕಣೆ ಒಂದೊಂದೂ ತನ್ನ ಜಾಗಕ್ಕೆ ಬಂದು ಕೂತಿತು. ಅಲ್ಲಿಂದ ಚಿತ್ರಕ್ಕೆ ಬಂದಳು. ಚಿತ್ರದಲ್ಲಿ ಸಂತೆ. ಕಂಡದ್ದನ್ನು ಸಣ್ಣ ಸಣ್ಣ ವಾಕ್ಯದಲ್ಲಿ ಬರೆದಳು, ತಕ್ಕಡಿ ಹಿಡಿದವನನ್ನೂ ಬಿಡಲಿಲ್ಲ, ಬೀದಿ ಹಸುವನ್ನೂ ಬಿಡಲಿಲ್ಲ. ಪ್ಯಾಸೇಜಿನ ಪ್ರಶ್ನೆಗಳನ್ನು ಮೊದಲು ಓದಿ, ಉತ್ತರ ಹುಡುಕಿಕೊಂಡು ಹೋದಳು. ತಿರುಗಿ ಮೊದಲ ಪುಟಕ್ಕೆ ಬರುವ ಹೊತ್ತಿಗೆ ಇರುವೆಗಳು ಸಾಲು ಹಿಡಿದು ನಿಂತಿದ್ದವು. ಪೆನ್ನನ್ನು ಅವಳು ಹಿಡಿದ ಬಿಗಿಗೆ ಅದು ನಡುವೆ ಒಡೆದು ಕೈಯೆಲ್ಲ ಇಂಕು ಕಕ್ಕಿತು. ಎರಡನೇ ಪೆನ್ನು ತೆಗೆದಳು. ಹಾಳೆ ಮುಗಿಯಿತು.

ಎದ್ದು ನಿಂತು ಕೈ ಎತ್ತಿದಳು. "ಮೇಡಂ, ಅಡಿಶನಲ್ ಶೀಟು."

*

ಮನೆಯ ಮುಂದಿನ ರಸ್ತೆಯಲ್ಲಿ ಕಾರು ಹೋಗಲು ಜಾಗವಿರಲಿಲ್ಲ. ಬೆಳಿಗ್ಗೆ ಇದ್ದವರಲ್ಲಿ ಒಬ್ಬರೂ ಹೋಗಿರಲಿಲ್ಲ, ಬಂದವರು ಮಾತ್ರ ಹೆಚ್ಚಾಗಿದ್ದರು. ಹೊಟ್ಟೆಗಿಲ್ಲದೆ ಬಾಡಿದ ಮುಖಗಳು ಬೇಲಿಯುದ್ದಕ್ಕೂ. ಸೌಜನ್ಯಾ ಇಳಿದು ನಡೆದಳು. ಎಲ್ಲರೂ ದಾರಿ ಬಿಟ್ಟರು. ಯಾರಿಗೂ ಬಾಯಿ ತೆರೆದು ಕೇಳುವ ಧೈರ್ಯವಿಲ್ಲ.

ಕುರ್ಚಿಯಲ್ಲಿದ್ದ ಹೂವಮ್ಮನಿಗೆ ತಡೆಯಲಾಗಲಿಲ್ಲ. "ಎಂಥ ಆಯ್ತೇ? ಬಾಯಿ ಬಿಡೇ ಮಾರಾಯ್ತಿ! ಬರೆದ್ಯಾ?"

"ಬರ್ದೆ ದೊಡ್ಡತ್ತೆ. ಒಂದೂ ಬಿಡ್ಲಿಲ್ಲ. ಅಡಿಶನಲ್ ಶೀಟ್ ಇಸ್ಕೊಂಡು ಬರ್ದೆ."

"ಹಾಂ? ಎಂಥ ಇಸ್ಕೊಂಡ್ಲಂತೆ?"

"ಹಾಳೆ ಸಾಲ್ಲಿಲ್ವಂತೆ ಅಮ್ಮಾ" ಎಂದ ಶ್ರೀಕೃಷ್ಣ.

ಮಾತು ಅಂಗಳ ದಾಟಿತು. ಅಡಿಶನಲ್ ಶೀಟ್ ತಗೊಂಡ್ಲಂತೆ. ಮೇಷ್ಟ್ರ ಸೊಸೆ. ಹೌದಂತೆ, ಹಾಳೆ ಸಾಲ್ಲಿಲ್ವಂತೆ. ಬೇಲಿಯವರು ರಸ್ತೆಯವರಿಗೆ ಹೇಳಿದರು, ರಸ್ತೆಯವರು ತಿರುವಿನಲ್ಲಿ ನಿಂತವರಿಗೆ. ಅಲ್ಲಿ ಯಾರೋ ತಡೆಯಲಾರದೆ ಚಪ್ಪಾಳೆ ತಟ್ಟಿಯೇ ಬಿಟ್ಟರು. ಇನ್ನೊಬ್ಬರು ತಟ್ಟಿದರು. ಸಾವಿನ ಮನೆ, ಸುಮ್ನಿರಿ ಎಂದು ಗದರಿಸಬೇಕಾದ ಹೂವಮ್ಮ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು.

ನಡುಮನೆಯಲ್ಲಿ ಮೇಷ್ಟ್ರಿಗೆ ಹೊಸ ಬಿಳಿ ಬಟ್ಟೆ ಹೊದಿಸಿದ್ದರು. ಬಾಯಿಗೆ ನೀರು ಬಿಡುವುದು ಅವಳೊಬ್ಬಳದೇ ಉಳಿದಿತ್ತು. ಸೌಜನ್ಯಾ ಮಂಡಿಯೂರಿ, ತುಳಸಿ ಅದ್ದಿದ ನೀರನ್ನು ಬೊಗಸೆಯಲ್ಲಿ ತೆಗೆದುಕೊಂಡು ಬೆರಳ ತುದಿಯಿಂದ ಇಳಿಸಿದಳು. ಒಣಗಿದ ಇಂಕು ಕರಗಿತು. ನೀಲಿ ನೀರು ಗಲ್ಲದಿಂದ ಜಾರಿ ಎದೆಯ ಮೇಲಿನ ಬಿಳಿ ಬಟ್ಟೆಗೆ ಬಿದ್ದು ಹರಡಿತು.

"ಅಯ್ಯೋ, ಕಲೆ ಆಯ್ತು! ಬೇರೆ ಬಟ್ಟೆ ತನ್ನಿ" ಎಂದು ಯಾರೋ ಎದ್ದರು.

"ಬೇಡ" ಎಂದರು ತುಂಗಮ್ಮ. "ಇವರ ಅಂಗಿ ಇಂಕಿಲ್ದೆ ಒಗೆಯೋಕೆ ಬಂದದ್ದು ನಾನು ನೋಡೇ ಇಲ್ಲ. ಹಾಗೇ ಹೋಗ್ಲಿ."

ನಟರಾಜ್ ಮುಂದೆ ಹೆಗಲು ಕೊಟ್ಟ, ಪಕ್ಕಕ್ಕೆ ಶ್ರೀಕೃಷ್ಣ. ಚಟ್ಟ ಮೇಲೆದ್ದಿತು. ಹೊರಗೆ ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತಿತ್ತು. ತಲೆಗಳ ಮೇಲೆ, ಕಣ್ಣು ಕುಕ್ಕುವ ಬಿಳಿಯ ನಡುವೆ, ಅಂಗೈಯಗಲದ ಆ ನೀಲಿ ರಸ್ತೆಯ ತಿರುವಿನವರೆಗೂ ಎಲ್ಲರಿಗೂ ಕಾಣುತ್ತ ಹೋಯಿತು.